ಚೀಲದಲ್ಲೇ ಉಳಿದ ಹೇಳಿಕೆ

ಬೆಳಗಿನ ಆರೂಕಾಲಿಗೆ ನಾನು ಮುಂಬಾಗಿಲು ತೆರೆಯುತ್ತೇನೆ. ಮಳೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಈ ಏಪ್ರಿಲ್ ತಿಂಗಳ ಒಂದು ಮಂಗಳವಾರ ಬಾಗಿಲು ತೆರೆದಾಗ ಮೊದಲು ವಾಸನೆ ಬಂತು, ಆಮೇಲೆ ಮೆಟ್ಟಿಲ ಮೇಲಿದ್ದ ರಟ್ಟಿನ ಪೆಟ್ಟಿಗೆ ಕಂಡಿತು. ಫಿಜೋವಾ ಹಣ್ಣು. ಕೋಳಿಮೊಟ್ಟೆಯ ಗಾತ್ರ, ಹಸಿರು ಸಿಪ್ಪೆ, ಪೇರಲಕ್ಕೂ ಅನಾನಸಿಗೂ ನಡುವಿನ ರುಚಿ. ಆಕ್ಲೆಂಡಿನಲ್ಲಿ ಎಲೆ ಉದುರುವ ಈ ಕಾಲದಲ್ಲಿ ಇದನ್ನು ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆ. ಹಿತ್ತಲಲ್ಲಿ ಗಿಡವಿದ್ದವರು ಉದುರಿದ್ದನ್ನು ಆಯ್ದು ಪರಿಚಯದವರ ಬಾಗಿಲಿಗೆ ಇಟ್ಟು ಹೋಗುತ್ತಾರೆ.

ನನ್ನ ಬಾಗಿಲಿಗೆ ಇಡುವವರು ರಫೀಕ್. ಪೆನ್‌ರೋಸಿನ ಒಂದು ಗೋದಾಮಿಗೆ ಬೆಳಗಿನ ಪಾಳಿಗೆ ಹೋಗುವಾಗ ಕಾರು ನಿಲ್ಲಿಸಿ ಇಟ್ಟು ಹೋಗುತ್ತಾರೆ. ಹದಿನೈದು ವರ್ಷದಿಂದ ಒಂದು ಏಪ್ರಿಲ್ ತಪ್ಪಿಲ್ಲ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಆದರೂ ಅವರನ್ನು ಏಕವಚನದಲ್ಲಿ ಮಾತಾಡಿಸಲು ನನ್ನ ನಾಲಿಗೆ ಏಳುವುದಿಲ್ಲ. ಫಿಜಿಯ ಒಂದು ಸಣ್ಣ ಊರಿನಲ್ಲಿ ಅವರು ಮ್ಯಾಜಿಸ್ಟ್ರೇಟ್ ಆಗಿದ್ದವರು. ನಾನು ಧಾರವಾಡದ ಕಡೆಯ ಕೋರ್ಟುಗಳಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತಾರು ವರ್ಷ ದುಡಿದು, ಶಿರಸ್ತೇದಾರನಾಗಿ ನಿವೃತ್ತನಾದವನು. ಪೀಠದಲ್ಲಿ ಕೂತವರಿಗೆ ಬಹುವಚನ ಎಂಬುದು ನನ್ನ ಮೈಗೆ ಹತ್ತಿದ ಅಭ್ಯಾಸ.

ಪೆಟ್ಟಿಗೆಯನ್ನು ಒಳಗೆ ತಂದೆ. ಪ್ರತಿ ವರ್ಷ ಮಾಡುವ ಹಾಗೆ ಹಣ್ಣುಗಳನ್ನು ಗಾತ್ರ ನೋಡಿ ಬೇರೆ ಮಾಡಿದೆ. ಆದರೆ ಈ ಸಲ ಒಂದನ್ನೂ ತಿನ್ನಲಾಗಲಿಲ್ಲ. ಕಳೆದ ತಿಂಗಳು ಈದ್ ಊಟಕ್ಕೆ ಅವರ ಮನೆಗೆ ಹೋದಾಗ ಅವರ ಹೆಂಡತಿ ನಸೀಮಾ ಇಪ್ಪತ್ತು ಜನರ ಎದುರು ನನ್ನನ್ನು ಹೊಗಳಿದ್ದು ಕಿವಿಯಲ್ಲಿ ಇನ್ನೂ ಇತ್ತು. "ನಮ್ಮ ಕಷ್ಟದಾಗ ಕಾಕಾ ಮೂರು ಸಲ ಕಾಗದ ನೋಡಿ ಕೊಟ್ಟಾರ. ಕೋರ್ಟಿನ ಮನುಷ್ಯಾ ಅಂದ್ರ ಹಿಂಗಿರಬೇಕು." ಆಕೆ ಹಾಗೆ ಹೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ಬಿರಿಯಾನಿ ತಿಂದಿದ್ದೇನೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಆಕೆ ಹೇಳುವ ಆ ಕಷ್ಟ 2009ರ ಏಪ್ರಿಲ್ಲಿನದು. ನನ್ನ ಹೆಂಡತಿ ತೀರಿಕೊಂಡ ಮೇಲೆ, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ವಿದ್ಯಾಳ ಮನೆಗೆ ನಾನು ಬಂದು ಹನ್ನೊಂದು ತಿಂಗಳಾಗಿತ್ತು. ಮನೆ ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ. ಬಂದ ಮೊದಲ ವಾರದಲ್ಲೇ ನನ್ನ ದಿನಚರಿ ಗೊತ್ತುಮಾಡಿಕೊಂಡಿದ್ದೆ: ಐದಕ್ಕೆ ಏಳುವುದು, ಆರೂಕಾಲಿಗೆ ಬಾಗಿಲು, ಒಂಬತ್ತೂ ಇಪ್ಪತ್ತಕ್ಕೆ ಮುಖ್ಯ ರಸ್ತೆಯ ಕಿರಾಣಿ ಅಂಗಡಿ, ಹತ್ತಕ್ಕೆ ಪತ್ರಿಕೆ. ನಸೀಮಾ ವಿದ್ಯಾಳ ವಾರ್ಡಿನಲ್ಲೇ ನರ್ಸ್. ಗದಗಿನ ಹುಡುಗಿ, ಹುಬ್ಬಳ್ಳಿಯಲ್ಲಿ ಕಲಿತವಳು. ಇಲ್ಲಿ ಕಾನೂನು ಓದಲು ಬಂದಿದ್ದ ಫಿಜಿಯ ರಫೀಕರನ್ನು ಮದುವೆಯಾಗಿದ್ದಳು. ಅವರಿಗೆ ತಮ್ಮ ಊರಿನಲ್ಲೇ ಮ್ಯಾಜಿಸ್ಟ್ರೇಟ್ ಕೆಲಸ ಸಿಕ್ಕಿದಾಗ, ಆಕೆ ಮಗಳ ಶಾಲೆಗಾಗಿ ಇಲ್ಲೇ ಉಳಿದಳು. ಅವರು ರಜೆ ಸಿಕ್ಕಾಗಲೆಲ್ಲ ವಿಮಾನ ಹತ್ತಿ ಬರುತ್ತಿದ್ದರು. ನನ್ನನ್ನು ಮೊದಲ ಸಲ ನೋಡಿದ ದಿನವೇ ನಸೀಮಾ "ಧಾರವಾಡದ ಮಾತು ಕೇಳಿ ಹೊಟ್ಟಿ ತುಂಬಿತು, ಕಾಕಾ" ಅಂದಿದ್ದಳು. ಅಲ್ಲಿಂದ ಆಕೆಯ ಒಂದು ಮಾತೂ ಕಾಕಾ ಎನ್ನದೆ ಮುಗಿದದ್ದಿಲ್ಲ.

ಫಿಜಿಯಲ್ಲಿ ಎರಡು ವರ್ಷಗಳ ಹಿಂದೆಯೇ ಸೇನೆ ಅಧಿಕಾರ ಹಿಡಿದಿತ್ತು. ಆ ವರ್ಷ ಈಸ್ಟರ್ ವಾರದ ಗುರುವಾರ ಅಲ್ಲಿಯ ಮೇಲ್ಮನವಿ ನ್ಯಾಯಾಲಯ, ಆ ಸರ್ಕಾರ ಕಾನೂನಿಗೆ ವಿರುದ್ಧವಾದದ್ದು ಎಂದು ತೀರ್ಪು ಕೊಟ್ಟಿತು. ಮರುದಿನ ಸಂವಿಧಾನವೇ ರದ್ದಾಯಿತು. ದೇಶದ ಎಲ್ಲ ನ್ಯಾಯಾಧೀಶರ ನೇಮಕವೂ ಹೋಯಿತು. ದೊಡ್ಡವರದ್ದು ಮಾತ್ರವಲ್ಲ, ಸಣ್ಣ ಊರಿನ ರಫೀಕರದ್ದೂ.

ರಜೆ ಮುಗಿದ ಮಂಗಳವಾರ ರಫೀಕ್ ಎಂದಿನಂತೆ ಊಟದ ಡಬ್ಬಿ ಹಿಡಿದು ಕೋರ್ಟಿಗೆ ಹೋದರಂತೆ. ಗೇಟಿನಲ್ಲಿ ದಿನಾ ಅವರ ಕೈಚೀಲ ಇಸಿದುಕೊಳ್ಳುತ್ತಿದ್ದ ಪೊಲೀಸಿನವನು ಅವತ್ತು ಚೀಲಕ್ಕೆ ಕೈ ಚಾಚಿ, ಅರ್ಧಕ್ಕೇ ಹಿಂದೆ ತೆಗೆದುಕೊಂಡನಂತೆ. "ಸರ್, ಒಳಗ ಬಿಡೂ ಹಂಗಿಲ್ಲ ಅಂದನಂತ, ಕಾಕಾ. ಅಂದು ತಾನಽ ಅತ್ತನಂತ." ಇದನ್ನು ಹೇಳುವಾಗ ನಸೀಮಾಳ ಕಣ್ಣು ಒಣಗಿಯೇ ಇತ್ತು. ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನಲ್ಲೇ ನಮ್ಮ ಅಡಿಗೆಮನೆಯಲ್ಲಿ ನಿಂತಿದ್ದಳು.

ಆ ದಿನಗಳಲ್ಲಿ ಕಿರಾಣಿ ಅಂಗಡಿಯೇ ನನಗೆ ಪತ್ರಿಕೆಗಿಂತ ಹೆಚ್ಚು ಸುದ್ದಿ ಕೊಟ್ಟಿತು. ಅಂಗಡಿಯವನು ಫಿಜಿಯ ಭಾರತೀಯ. ಗಿರಾಕಿಗಳಲ್ಲೂ ಅರ್ಧದಷ್ಟು ಅಲ್ಲಿಯವರು. ಮಾತೆಲ್ಲ ಹಿಂದಿಯಲ್ಲಿ. ನನಗೆ ಆಶ್ಚರ್ಯವಾದದ್ದು, ಸಿಟ್ಟು ಬಂದವರು ಎಷ್ಟು ಜನವೋ, ಸೇನೆಯೇ ವಾಸಿ ಅನ್ನುವವರೂ ಅಷ್ಟೇ ಜನ ಇದ್ದದ್ದು. ಒಬ್ಬ ಟ್ಯಾಕ್ಸಿ ಚಾಲಕ ಬೆಂಡೆಕಾಯಿ ಮುರಿದು ನೋಡುತ್ತ ಅಂದ: "ಜಡ್ಜ್ ಹೋದರೆ ನನಗೇನು? ಹತ್ತು ವರ್ಷ ನನ್ನ ಜಮೀನಿನ ಕೇಸು ಮುಂದೆ ಹಾಕಿದವರೇ ತಾನೆ ಅವರು? ಬಂದೂಕಿನವನು ಒಂದೇ ದಿನದಲ್ಲಿ ಮುಗಿಸುತ್ತಾನೆ." ಅಂಗಡಿಯವನು ತಕ್ಕಡಿಯಿಂದ ಮುಖ ಎತ್ತದೆ ಉತ್ತರ ಕೊಟ್ಟ: "ಮುಗಿಸುತ್ತಾನೆ. ಕೇಸನ್ನಲ್ಲ, ನಿನ್ನನ್ನು. ಬೆಂಡೆಕಾಯಿ ಮುರಿದದ್ದು ಸಾಕು, ಮುರಿದದ್ದನ್ನೆಲ್ಲ ನೀನೇ ಕೊಳ್ಳಬೇಕು." ಎಲ್ಲರೂ ನಕ್ಕರು. ಬೆಂಗಳೂರಿನಲ್ಲಿ ಓದಿ ಇಲ್ಲಿ ಔಷಧದಂಗಡಿಯಲ್ಲಿದ್ದ ಒಬ್ಬ ನಮ್ಮ ಹುಡುಗ ನನ್ನ ಕಿವಿಯಲ್ಲಿ ಅಂದ: "ನಮಗ್ಯಾಕೆ ಅಂಕಲ್ ಅವೆಲ್ಲ? ಅವ್ರ ಕಂಟ್ರಿ, ಅವ್ರ ಆರ್ಮಿ. ನಿಮ್ಮ ರೆಸಿಡೆನ್ಸ್ ಇನ್ನೂ ಆಗಿಲ್ಲ ಅಲ್ವಾ?"

ಆಗಿರಲಿಲ್ಲ. ನನ್ನ ಕಾಯಂ ವಾಸದ ಅರ್ಜಿ ಆ ತಿಂಗಳು ವಲಸೆ ಇಲಾಖೆಯ ಮೇಜಿನ ಮೇಲಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದ್ದೆಲ್ಲ ಬೇರೆ ಕಾರಣಗಳ ಹೆಸರಿನಲ್ಲಿ ನಡೆಯಿತು.

ಮರುವಾರದ ಬುಧವಾರ ಸಂಜೆ ನಸೀಮಾ ಎರಡು ಹಾಳೆ ಹಿಡಿದು ಬಂದಳು. ರಫೀಕರು ಇಂಗ್ಲಿಷಿನಲ್ಲಿ ಬರೆದು ಇ-ಮೇಲಿನಲ್ಲಿ ಕಳಿಸಿದ ಹೇಳಿಕೆ. ಹೊಸ ವ್ಯವಸ್ಥೆಯ ಕೆಳಗೆ ಹೊಸದಾಗಿ ಪ್ರಮಾಣವಚನ ಸ್ವೀಕರಿಸಿದರೆ ಮತ್ತೆ ಕೆಲಸ ಕೊಡುತ್ತೇವೆ ಎಂದು ಅವರಿಗೆ ಕರೆ ಬಂದಿತ್ತು. ಸೋಮವಾರ ಉತ್ತರ ಹೇಳಬೇಕು. ಸ್ವೀಕರಿಸುವುದಿಲ್ಲ ಎಂದು ಅವರು ನಿಶ್ಚಯಿಸಿ, ಯಾಕೆ ಎಂದು ಬರೆದಿದ್ದರು. ಆ ಭಾನುವಾರ ನಮ್ಮ ಮನೆಯಿಂದ ನಾಲ್ಕು ಸ್ಟಾಪು ಆಚೆಯ ಶಾಲೆಯ ಸಭಾಂಗಣದಲ್ಲಿ ಫಿಜಿಯವರು ಮತ್ತು ಇಲ್ಲಿಯ ಕೆಲವು ವಕೀಲರು ಸೇರಿ ಸಾರ್ವಜನಿಕ ಸಭೆ ಕರೆದಿದ್ದರು. ಹೇಳಿಕೆಯನ್ನು ಅಲ್ಲಿ ಓದಬೇಕು ಎಂಬುದು ಅವರ ಆಸೆ.

"ಮಂದಿ ಮುಂದ ಓದಿಬಿಟ್ರ ನನಗ ಹಿಂದ ಸರಿಯಾಕ ದಾರಿ ಇರೂದಿಲ್ಲ ಅಂತಾರ, ಕಾಕಾ. ಒಬ್ಬರಽ ಕೂತ್ಕೊಂಡು ಇಲ್ಲ ಅನ್ನೂದು ಭಾಳ ಕಷ್ಟ ಅಂತ. ನಾ ಓದಿದ್ರ ಅತ್ತುಬಿಡ್ತೀನಿ. ಮತ್ತ ರವಿವಾರ ಮಧ್ಯಾಹ್ನ ನನಗ ಡ್ಯೂಟಿ ಅದ. ನೀವಽ ಓದ್ರಿ ಕಾಕಾ. ಕೋರ್ಟಿನ್ಯಾಗ ಕೇಸು ಕರೆದ ದನಿ ನಿಮ್ಮದು."

ಓದುತ್ತೇನೆ ಎನ್ನಲಿಲ್ಲ. ಓದುವುದಿಲ್ಲ ಎಂದೂ ಅನ್ನಲಿಲ್ಲ. "ಮೊದಲು ಕಾಗದ ಸರಿ ಅದ ಇಲ್ಲೋ ನೋಡೋಣು" ಎಂದೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಹೊಸ ಗುಮಾಸ್ತ. ಒಳಗೆ ಹಾಕಲ್ಪಟ್ಟವರ ಮನೆಯವರು ಅರ್ಜಿ ಹಿಡಿದು ನಮ್ಮ ಕಿಟಕಿಗೆ ಬರುತ್ತಿದ್ದರು. ತೆಗೆದುಕೊಳ್ಳಲು ಧೈರ್ಯವಿಲ್ಲ, ಒಲ್ಲೆ ಎನ್ನಲು ಅಧಿಕಾರವಿಲ್ಲ. ನನ್ನ ಮೇಲಿನವರು ಆಗ ಕಲಿಸಿದ್ದರು: "ಇಲ್ಲ ಅನಬ್ಯಾಡೋ ತಮ್ಮಾ. ಆಕ್ಷೇಪಣಾ ಬರಿ. ನಾಕು ಸಲ ತಿರುಗಿ ತಾವಽ ಬರೂದು ಬಿಡ್ತಾರ." ಅರ್ಜಿಯಲ್ಲಿ ದೋಷ ಹುಡುಕಿ ಪಟ್ಟಿಮಾಡಿ ಹಿಂದೆ ಕೊಡುವುದಕ್ಕೆ ನಾವು ಆಕ್ಷೇಪಣೆ ಎನ್ನುತ್ತಿದ್ದೆವು. ದೋಷವಿಲ್ಲದ ಕಾಗದ ಎಂಬುದು ಲೋಕದಲ್ಲಿಲ್ಲ. ಹುಡುಕುವವನಿಗೆ ವ್ಯವಧಾನ ಬೇಕು ಅಷ್ಟೇ.

ನನಗೆ ವ್ಯವಧಾನವಿತ್ತು. ಗುರುವಾರ ಬೆಳಿಗ್ಗೆ ಕೆಂಪು ಪೆನ್ನು ಹಿಡಿದು ಕೂತೆ. ಪುಟಸಂಖ್ಯೆ ಇಲ್ಲ. ದಿನಾಂಕ ಇಲ್ಲ. ನೇಮಕದ ಆದೇಶದ ಪ್ರತಿ ಲಗತ್ತಿಸಿಲ್ಲ. ನಾಲ್ಕನೆಯ ಪ್ಯಾರಾದಲ್ಲಿ ಹೇಳಿದ್ದು ಕಂಡದ್ದೋ ಕೇಳಿದ್ದೋ ಸ್ಪಷ್ಟವಿಲ್ಲ. ಕೊನೆಯ ಪ್ಯಾರಾದಲ್ಲಿ ಎರಡು ಸಣ್ಣ ಸಾಲುಗಳಿದ್ದವು. ನನಗೆ ಹೆದರಿಕೆಯಾಗಿದೆ, ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ. ಅವುಗಳ ಕೆಳಗೆ ಗೆರೆ ಎಳೆದು ಬರೆದೆ: "ವಿಷಯಕ್ಕೆ ಸಂಬಂಧಿಸಿಲ್ಲ. ತೆಗೆಯತಕ್ಕದ್ದು."

ನಸೀಮಾ ಪಟ್ಟಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಇಷ್ಟು ನೋಡಿದ್ರಲ್ಲ ಕಾಕಾ, ಯಾರು ನೋಡ್ತಾರ?" ರಫೀಕರು ಅದನ್ನು ತಿದ್ದಬೇಕಾದರೆ ಪೇಟೆಯ ಇಂಟರ್‌ನೆಟ್ ಅಂಗಡಿಗೆ ಹೋಗಬೇಕಾಗಿತ್ತು. ಅದರ ಎದುರಿಗೇ ಸೈನಿಕರ ಜೀಪು ನಿಂತಿರುತ್ತದೆ ಎಂದು ಆಕೆ ಹೇಳಿದ್ದಳು. ನನಗೆ ಅದು ಗೊತ್ತಿತ್ತು. ಶುಕ್ರವಾರ ಸಂಜೆ ಎರಡನೆಯ ಪ್ರತಿ ಬಂತು: ಪುಟಸಂಖ್ಯೆ, ದಿನಾಂಕ, ಲಗತ್ತು ಎಲ್ಲ ಇದ್ದವು. ನಡುಗುವ ಕೈಯ ಸಾಲುಗಳು ಇರಲಿಲ್ಲ. ಶನಿವಾರ ಬೆಳಿಗ್ಗೆ ಇನ್ನೆರಡು ಆಕ್ಷೇಪಣೆಗಳ ಪಟ್ಟಿ ಬರೆದು ಕೊಟ್ಟೆ. ಅವು ಏನೆಂದು ಈಗ ಹೇಳಲೂ ನಾಚಿಕೆ. ಒಂದು ಅಂಚಿನ ಅಳತೆಯದ್ದು.

ಆ ವಾರವೆಲ್ಲ ಇಲ್ಲಿಯ ಏಪ್ರಿಲ್ಲಿನ ರೀತಿಯಲ್ಲೇ ಇತ್ತು. ಹತ್ತು ನಿಮಿಷ ಸುರಿಯುವುದು, ಹತ್ತು ನಿಮಿಷ ಎಳೆಬಿಸಿಲು, ಮತ್ತೆ ಸುರಿಯುವುದು. ಪಕ್ಕದ ಮನೆಯ ಬೇಲಿಯ ಮೇಲಿಂದ ಫಿಜೋವಾ ನಮ್ಮ ಹಿತ್ತಲಿಗೆ ಉದುರಿ ಒದ್ದೆ ಹುಲ್ಲಿನಲ್ಲಿ ಬಿದ್ದಿರುತ್ತಿತ್ತು. ನಾನು ಬಗ್ಗಿ ಆಯುತ್ತಿದ್ದಾಗ ವಿದ್ಯಾ ಹಿತ್ತಲ ಬಾಗಿಲಲ್ಲಿ ನಿಂತು ಅಂದಳು: "ಅಪ್ಪಾ, ಓದೂದಿದ್ರ ಓದ್ರಿ. ಒಲ್ಲೆ ಅಂದ್ರ ಒಲ್ಲೆ ಅನ್ರಿ. ಆಕಿನ್ನ ಹಿಂಗ ಅಡ್ಡಾಡಸಬ್ಯಾಡ್ರಿ."

"ಕಾಗದ ನೆಟ್ಟಗಿರದಿದ್ರ ಮಂದಿ ನಗತಾರವಾ. ನಿನಗ ತಿಳಿಯೂದಿಲ್ಲ."

"ತಿಳಿತದ," ಅಂದಳು. ಒಳಗೆ ಹೋದಳು.

ಭಾನುವಾರ ಹನ್ನೊಂದಕ್ಕೆ, ಡ್ಯೂಟಿಗೆ ಹೋಗುವ ದಾರಿಯಲ್ಲಿ ನಸೀಮಾ ಮೂರನೆಯ ಪ್ರತಿ ಕೊಟ್ಟು ಹೋದಳು. ಹಾಳೆಯ ಮೇಲೆ ಮಳೆಹನಿ ಬಿದ್ದಿತ್ತು. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಓದಿದೆ. ಅದರಲ್ಲಿ ಒಂದು ದೋಷವೂ ಇರಲಿಲ್ಲ. ಮೂವತ್ತಾರು ವರ್ಷದಲ್ಲಿ ಅಷ್ಟು ನೆಟ್ಟಗಿನ ಕಾಗದ ನನ್ನ ಮೇಜಿಗೆ ಬಂದದ್ದು ನೆನಪಿಲ್ಲ.

ಅದನ್ನು ಮಡಚದೆ ಕಪ್ಪು ಚೀಲದಲ್ಲಿಟ್ಟುಕೊಂಡು ಎರಡು ಗಂಟೆಗೆ ಸಭೆಗೆ ಹೋದೆ. ಇದನ್ನೂ ಹೇಳಬೇಕು, ಹೋದೆ. ಸಭಾಂಗಣ ತುಂಬಿತ್ತು. ಒದ್ದೆ ಕೋಟುಗಳ ವಾಸನೆ, ಹಿಂದೆ ಮೇಜಿನ ಮೇಲೆ ಚಹಾ. ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ನಮ್ಮ ಅಂಗಡಿಯವನು ಎರಡು ಸಾಲು ಮುಂದಿದ್ದ. ತಿರುಗಿ ಕೈ ಎತ್ತಿದ. ಒಬ್ಬ ಇಲ್ಲಿಯ ವಕೀಲೆ ಮಾತಾಡಿದಳು, ಒಬ್ಬ ಮೌಲ್ವಿ, ಒಬ್ಬ ಶಾಲಾ ಮಾಸ್ತರು. ಯುವಕನೊಬ್ಬ ಕ್ಯಾಮೆರಾ ಹಿಡಿದು ಸಾಲು ಸಾಲಾಗಿ ಫೋಟೊ ತೆಗೆಯುತ್ತಿದ್ದ. ಅವನು ಯಾರ ಕಡೆಯವನೋ ನನಗೆ ಗೊತ್ತಿರಲಿಲ್ಲ. ಬಹುಶಃ ಯಾರ ಕಡೆಯವನೂ ಅಲ್ಲ, ತನ್ನ ಪಾಡಿಗೆ ತೆಗೆಯುತ್ತಿದ್ದ.

ಮೂರು ಗಂಟೆ ದಾಟಿದ ಮೇಲೆ ವಕೀಲೆ ಮತ್ತೆ ಎದ್ದು ಕೇಳಿದಳು: "ಅಲ್ಲಿ ಕೆಲಸ ಕಳೆದುಕೊಂಡವರ ಮಾತು ಇಲ್ಲಿ ಯಾರ ಹತ್ತಿರವಾದರೂ ಇದೆಯೇ? ಕೆಲವರು ಹೆದರಿ ಕಳಿಸಿಲ್ಲ ಎಂದು ಗೊತ್ತು. ಒಂದೇ ಒಂದು ಇದ್ದರೂ ಸಾಕು." ಆಕೆ ಕಾದಳು. ಸಭೆ ಪೂರ್ತಿ ಕಾಯಿತು. ಅಷ್ಟು ಜನ ಹಾಗೆ ಸುಮ್ಮನೆ ಕೂತದ್ದನ್ನು ನಾನು ಕೋರ್ಟಿನಲ್ಲಿ ತೀರ್ಪಿನ ಹೊತ್ತಿನಲ್ಲಿ ಮಾತ್ರ ಕಂಡಿದ್ದೆ. ಛಾವಣಿಯ ಮೇಲೆ ಮಳೆ ಜೋರಾಯಿತು. ನನ್ನ ಹೆಬ್ಬೆರಳು ಚೀಲದ ಜಿಪ್ಪಿನ ಮೇಲಿತ್ತು.

ನಾನು ಗಡಿಯಾರ ನೋಡಿದೆ. ಮೂರೂ ಹತ್ತು. ಮೂರೂ ಇಪ್ಪತ್ತೆರಡಕ್ಕೆ ನನ್ನ ಬಸ್ಸು. ಎದ್ದೆ, ಕುರ್ಚಿ ಸದ್ದಾಗದಂತೆ ಸರಿಸಿದೆ, ಹೊರಗೆ ಬಂದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು.

ಸಂಜೆ ನಸೀಮಾ ವಾರ್ಡಿನಿಂದ ಫೋನ್ ಮಾಡಿದಳು. "ಓದಿದ್ರೇನ ಕಾಕಾ? ಅವರು ಫೋನ್ ಮುಂದನಽ ಕೂತಾರ."

"ಇನ್ನೂ ಒಂದು ತೊಡಕು ಉಳದಿತ್ತವಾ. ಸಾಕ್ಷಿ ಸಹಿ ಇಲ್ಲ. ಮುಂದಿನ ಸಭಾಕ್ಕ ಓದೋಣು."

ಆಕೆಯ ಹಿಂದೆ ಯಾವುದೋ ರೋಗಿಯ ಗಂಟೆ ಬಡಿಯುತ್ತಿತ್ತು. "ಆಗಲಿ ಕಾಕಾ. ನಿಮಗ ಗೊತ್ತಿರತದ."

ಮುಂದಿನ ಸಭೆ ನಡೆಯಲಿಲ್ಲ. ರಫೀಕರು ಬುಧವಾರ ಪ್ರಮಾಣವಚನ ಸ್ವೀಕರಿಸಿದರು. ಅವರನ್ನು ದೂರದ ಇನ್ನೊಂದು ಊರಿಗೆ ಹಾಕಲಾಯಿತು. ಒಂಬತ್ತು ತಿಂಗಳು ಕೂತು, ಕಾರಣ ಹೇಳದೆ ರಾಜೀನಾಮೆ ಕೊಟ್ಟು ಇಲ್ಲಿಗೆ ಬಂದರು. ಇಲ್ಲಿ ವಕೀಲಿ ಮಾಡಬಹುದಿತ್ತು. ಇಲ್ಲಿಯದೇ ಪದವಿ ಅವರದು. ವಿದ್ಯಾ ಒಮ್ಮೆ ಹಾಗೆಂದಾಗ, "ಯಾವ ಮುಖ ಇಟ್ಕೊಂಡು?" ಎಂದಷ್ಟೇ ಹೇಳಿ ಮಾತು ಬದಲಿಸಿದರು. ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸಲು ಕಲಿತರು. ನನ್ನ ಕಾಯಂ ವಾಸದ ಪತ್ರ ಆ ವರ್ಷ ಜೂನಿನಲ್ಲಿ ಬಂತು. ಯಾರೂ ಏನೂ ಕೇಳಿರಲಿಲ್ಲ.

ಈ ಮಂಗಳವಾರ ಫಿಜೋವಾಗಳನ್ನು ಬೇರೆ ಮಾಡಿ ಮುಗಿಸಿ, ಕಪಾಟಿನ ಕೆಳಗಿನ ಅರೆಯಿಂದ ಕಡತ ತೆಗೆದೆ. ಮೂರೂ ಪ್ರತಿಗಳು, ನನ್ನ ಎರಡು ಪಟ್ಟಿಗಳ ನಕಲು, ಕ್ರಮವಾಗಿ ದಾರ ಕಟ್ಟಿ ಇಟ್ಟಿದ್ದೇನೆ. ಕಾಗದ ಹರಿಯುವ ಅಭ್ಯಾಸ ನನಗಿಲ್ಲ. ಅಂಗಡಿಗೆ ಹೋಗಲಿಲ್ಲ, ಪತ್ರಿಕೆ ಓದಲಿಲ್ಲ. ನಾಲ್ಕು ಗಂಟೆಗೆ, ಇಬ್ಬರೂ ಮನೆಯಲ್ಲಿರುವ ಹೊತ್ತು ನೋಡಿ, ಕಡತ ಹಿಡಿದು ಅವರ ಮನೆಗೆ ನಡೆದೆ.

ನಸೀಮಾ ಹಿತ್ತಲಲ್ಲಿ ಹಣ್ಣು ಆಯುತ್ತಿದ್ದಳು. "ಬರ್ರಿ ಕಾಕಾ, ಇವತ್ತು ಮಂಗಳವಾರ, ಈ ಹೊತ್ತಿನ್ಯಾಗ ನೀವು? ಗಡಿಯಾರ ಕೆಟ್ಟದೇನು?" ಎಂದು ನಗುತ್ತ ಬುಟ್ಟಿ ಹಿಡಿದು ನನ್ನ ಜೊತೆ ಒಳಗೆ ಬಂದಳು. ರಫೀಕರು ಗೋದಾಮಿನ ಹಳದಿ ಅಂಗಿಯಲ್ಲೇ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದರು. ನಾನು ಕೂರಲಿಲ್ಲ. ಆ ಭಾನುವಾರದ ಸಂಗತಿಯನ್ನು, ಸಮಯದ ಕ್ರಮದಲ್ಲಿ, ಒಂದನ್ನೂ ಬಿಡದೆ ಹೇಳಿದೆ. ಸಾಕ್ಷಿ ಸಹಿ ಬೇಕಾಗಿರಲಿಲ್ಲ ಎಂದು ಹೇಳಿದೆ. ನೀವು ಫೋನಿನ ಮುಂದೆ ಕೂತಿದ್ದು ಗೊತ್ತಿದ್ದೂ ಹಾಗೆ ಹೇಳಿದೆ ಎಂದು ಹೇಳಿದೆ.

ರಫೀಕರು ಹೆಂಡತಿಯಿಂದ ಕಲಿತ ಕನ್ನಡದಲ್ಲಿ, ನಿಧಾನವಾಗಿ, ಅಂದರು: "ಗೊತ್ತಿತ್ತು ಕಾಕಾ. ಅಂಗಡಿಯವ ಹೇಳಿದ್ದ. ಕರೀ ಚೀಲ ಹಿಡಕೊಂಡು ಹಿಂದ ಕೂತಿದ್ರು ಅಂತ."

ನಸೀಮಾ ಹಣ್ಣಿನ ಬುಟ್ಟಿ ಕೆಳಗಿಟ್ಟಳು. ಗಂಡನ ಕಡೆ ತಿರುಗಿದಳು. "ಗೊತ್ತಿತ್ತಾ? ಇಷ್ಟು ವರ್ಷ? ನನಗ್ಯಾಕ ಹೇಳಲಿಲ್ಲ?"

"ನಿನಗ ಈ ದೇಶದಾಗ ಒಬ್ಬ ಕಾಕಾ ಇದ್ದ. ಅದನ್ನೂ ಯಾಕ ಕಸಗೊಳ್ಳಲಿ?"

ಆಮೇಲೆ ರಫೀಕರು ನನ್ನ ಕಡೆ ನೋಡಿ, ಒಂದು ಕಾಲದಲ್ಲಿ ಪೀಠದಿಂದ ಮಾತಾಡಿರಬಹುದಾದ ದನಿಯಲ್ಲಿ ಸೇರಿಸಿದರು: "ಆದ್ರ ಸಹಿ ಮಾಡಿದ ಕೈ ನಂದು. ಅದನ್ನ ನಿಮ್ಮ ಫೈಲಿಗೆ ಹಾಕೋಬ್ಯಾಡ್ರಿ. ಅದು ನನ್ನ ಕಡೆನಽ ಇರಲಿ."

ನನಗೆ ಅದರಿಂದ ಹಗುರಾಗಲಿಲ್ಲ. ಹಗುರಾಗಬೇಕೆಂದು ಅವರು ಹೇಳಿದ್ದೂ ಅಲ್ಲ.

ನಸೀಮಾ ಕಡತಕ್ಕೆ ಕೈ ಚಾಚಿದಳು. ದಾರ ಬಿಚ್ಚಿ, ಮೇಲಿದ್ದ ಮೂರನೆಯದನ್ನು ಬದಿಗಿಟ್ಟು, ಎರಡನೆಯದನ್ನೂ ಬದಿಗಿಟ್ಟು, ಅಡಿಯಲ್ಲಿದ್ದ ಮೊದಲನೆಯದನ್ನು ನನ್ನ ಕೈಗೆ ಕೊಟ್ಟಳು. "ಓದ್ರಿ," ಅಂದಳು.

ಓದಿದೆ. ನಿಂತು, ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದಾಗ ಓದುತ್ತಿದ್ದ ಹಾಗೆ, ಗಟ್ಟಿಯಾಗಿ. ಪುಟಸಂಖ್ಯೆಯಿಲ್ಲದ, ದಿನಾಂಕವಿಲ್ಲದ ಎರಡು ಹಾಳೆ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಕೆಂಪು ಗೆರೆಯ ಸಾಲುಗಳನ್ನೂ ಬಿಡದೆ ಓದಿದೆ. ಇವರ ಹೆದರಿಕೆ ವಿಷಯಕ್ಕೆ ಸಂಬಂಧಿಸಿಲ್ಲ ಎಂದು ಬರೆದಾಗ ನನ್ನ ಕೈ ನಡುಗಿರಲಿಲ್ಲ. ಅಕ್ಷರ ಮುತ್ತಿನ ಹಾಗಿದೆ, ಈಗಲೂ. ರಫೀಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಓದಿ ಮುಗಿಸಿದ ಮೇಲೆ ಆ ಹಾಳೆಗಳನ್ನು ತೆಗೆದುಕೊಂಡು, ನಾಲ್ಕಾಗಿ ಮಡಚಿ, ಹಳದಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಉಳಿದದ್ದನ್ನು ನನಗೆ ಹಿಂದಕ್ಕೆ ಕೊಟ್ಟರು.

ನಾನು ಹೊರಟೆ. ಅಷ್ಟರಲ್ಲಿ ಒಂದು ಮಳೆ ಸುರಿದು ನಿಂತಿತ್ತು. ಯಾವಾಗಲೂ ಗೇಟಿನವರೆಗೆ ಬಂದು ಕಳಿಸುವ ನಸೀಮಾ ಬಾಗಿಲಲ್ಲೇ ನಿಂತಳು.

"ಮೆಟ್ಟಲಾ ಒದ್ದಿ ಅದಾವ," ಅಂದಳು. "ನೋಡಿ ಇಳೀರಿ."

ನೋಡಿ ಇಳಿದೆ. ಕೆಳಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಕೆಯ ಮಾತಿನಲ್ಲಿ ಹದಿನೇಳು ವರ್ಷದಿಂದ ತಪ್ಪದೆ ಬರುತ್ತಿದ್ದ ಆ ಒಂದು ಶಬ್ದ ಇನ್ನೇನು ಬರಬಹುದು ಎಂದು ಕಾದೆ. ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.